ಎಸಿ ಓಡ್ತಿದೆ, ರೂಮು ತಣ್ಣಗಾಗ್ತಿಲ್ಲ: ಗ್ಯಾಸ್ ತುಂಬಿಸುವ ಮುಂಚೆ ಮನೆಯಲ್ಲೇ ಮಾಡಬಹುದಾದ ತಪಾಸಣೆ

ಏಪ್ರಿಲ್ ಬಂತೆಂದರೆ ದಾವಣಗೆರೆಯ ಎಸಿ ಮೆಕ್ಯಾನಿಕ್‌ಗಳಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಪಿ.ಜೆ. ಬಡಾವಣೆ, ವಿದ್ಯಾನಗರ, ನಿಟುವಳ್ಳಿ, ಎಂ.ಸಿ.ಸಿ. ಬಿ ಬ್ಲಾಕ್, ಎಲ್ಲ ಕಡೆಯಿಂದಲೂ ಒಂದೇ ದೂರು. "ಎಸಿ ಓಡ್ತೈತಿ, ಗಾಳಿನೂ ಬರ್ತೈತಿ, ಆದ್ರೆ ರೂಮ್ ತಣ್ಣಗಾಗಾಕ ಎರಡು ತಾಸು ಬೇಕು ನೋಡ್ರಿ." ಅತ್ತಲಿಂದ ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ. "ಗ್ಯಾಸ್ ಕಡಿಮೆ ಆಗಿರ್ಬೇಕು ಸಾರ್, ತುಂಬ್ಸಿಬಿಡೋಣ."

ಗ್ಯಾಸ್ ಏನು ಪೆಟ್ರೋಲ್ ಅಲ್ಲ, ಓಡಿಸಿದಷ್ಟು ಖರ್ಚಾಗೋದಕ್ಕೆ. ಅದು ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ ಅಂತಲೇ ಅರ್ಥ. ಸೋರಿಕೆ ಆಗುವುದಿಲ್ಲ ಅಂತಲ್ಲ, ಆಗುತ್ತದೆ. ಆದರೆ ನಿಧಾನವಾಗಿ ತಣ್ಣಗಾಗುವುದಕ್ಕೆ ಅದಕ್ಕಿಂತ ಸಾಮಾನ್ಯವಾದ ಕಾರಣ ಹಲವಿವೆ. ಹೆಚ್ಚಿನವನ್ನು ಒಂದು ಸ್ಟೂಲು, ಒಂದು ಬ್ರಷ್ಷು, ಒಂದು ಥರ್ಮಾಮೀಟರ್ ಇಟ್ಟುಕೊಂಡು ನೀವೇ ಪತ್ತೆ ಮಾಡಬಹುದು.

ತಪ್ಪು ಎಸಿಯದೋ, ರೂಮಿನದೋ?

ಮೊದಲು ಒಂದು ಲೆಕ್ಕ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ರೂಮಿನಲ್ಲಿರುವ ಗಾಳಿಯ ತೂಕ 40 ಕೆ.ಜಿ. ಕೂಡ ಇರುವುದಿಲ್ಲ. 1 ಟನ್ ಎಸಿ ಎಂದರೆ ಗಂಟೆಗೆ 12,000 ಬಿಟಿಯು, ಅಂದರೆ ಸುಮಾರು 3.5 ಕಿಲೋವ್ಯಾಟ್‌ನಷ್ಟು ಶಾಖವನ್ನು ಹೊರಗೆ ಹಾಕುವ ಶಕ್ತಿ. ಬರೀ ಗಾಳಿಯನ್ನಷ್ಟೇ 36 ಡಿಗ್ರಿಯಿಂದ 24ಕ್ಕೆ ಇಳಿಸುವುದಾದರೆ ಇಷ್ಟು ಶಕ್ತಿಗೆ ಎರಡು-ಮೂರು ನಿಮಿಷ ಸಾಕು.

ಹಾಗಿದ್ದರೆ ಗಂಟೆಗಟ್ಟಲೆ ಯಾಕೆ ಬೇಕು? ಗೋಡೆ, ತಾರಸಿ, ಹಾಸಿಗೆ, ಬೀರು ಎಲ್ಲವೂ ದಿನವಿಡೀ ಕುಡಿದ ಬಿಸಿಯನ್ನು ಬಿಡುತ್ತಲೇ ಇರುತ್ತವೆ. ಎಸಿಯ ಹೆಚ್ಚಿನ ದುಡಿಮೆ ಅದಕ್ಕೇ ಹೋಗುತ್ತದೆ. ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ ಇದು: ಎಸಿ ಕೊಡಬೇಕಾದಷ್ಟು ತಂಪು ಕೊಡುತ್ತಿಲ್ಲವೋ, ಅಥವಾ ಕೊಟ್ಟ ತಂಪನ್ನು ರೂಮೇ ನುಂಗುತ್ತಿದೆಯೋ? ಇದು ಗೊತ್ತಾಗದೆ ಮಾಡಿಸುವ ಖರ್ಚು ಸುಮ್ನೆ ದಂಡ.

1. ರಿಮೋಟ್

ನಗಬೇಡಿ, ಶುರು ಇಲ್ಲಿಂದಲೇ. ಈಗಿನ ಇನ್ವರ್ಟರ್ ಎಸಿಗಳಲ್ಲಿ (ಬೇಕಾದಂತೆ ತಮ್ಮ ವೇಗ ಏರಿಸಿ ಇಳಿಸಿಕೊಳ್ಳುವ ಎಸಿಗಳು) 40, 60, 80 ಪರ್ಸೆಂಟ್ ಅಂತ ಸಾಮರ್ಥ್ಯ ಇಳಿಸುವ ಕನ್ವರ್ಟಿಬಲ್ ಸೌಲಭ್ಯ ಇರುತ್ತದೆ. ಮಕ್ಕಳ ಕೈಗೆ ರಿಮೋಟ್ ಸಿಕ್ಕು 1.5 ಟನ್ ಎಸಿ 40 ಪರ್ಸೆಂಟ್‌ಗೆ ಇಳಿದಿದ್ದರೆ, ಅದು ಮುಕ್ಕಾಲು ಟನ್‌ಗಿಂತಲೂ ಕಡಿಮೆ ಕೆಲಸ ಮಾಡುತ್ತದೆ. ಇಕೋ ಮೋಡ್, ಸ್ಲೀಪ್ ಮೋಡ್, ಡ್ರೈ ಮೋಡ್ ಕೂಡ ವೇಗ ತಗ್ಗಿಸುತ್ತವೆ. ಹಿಮದ ಹರಳಿನ ಗುರುತಿರುವ ಕೂಲ್ ಮೋಡ್‌ಗೆ ಹಾಕಿ, ಫ್ಯಾನ್ ಹೈನಲ್ಲಿಡಿ, ಉಳಿದದ್ದೆಲ್ಲ ಆಫ್ ಮಾಡಿ.

ಕೆಲವು ರಿಮೋಟ್‌ಗಳೊಳಗೇ ತಾಪಮಾನ ಅಳೆಯುವ ಸೆನ್ಸರ್ ಇದೆ. "ಐ ಫೀಲ್", "ಫಾಲೋ ಮಿ" ಅಂತೆಲ್ಲ ಹೆಸರಿರುತ್ತದೆ. ಅದು ಆನ್ ಆಗಿದ್ದು, ರಿಮೋಟು ಎಸಿ ಗಾಳಿ ನೇರವಾಗಿ ಬೀಳುವ ಟೇಬಲ್ ಮೇಲೆ ಬಿದ್ದಿದ್ದರೆ, ರೂಮು ತಣ್ಣಗಾಯಿತು ಅಂದುಕೊಂಡು ಎಸಿ ಬೇಗನೆ ನಿಧಾನವಾಗುತ್ತದೆ.

16ಕ್ಕೆ ಇಟ್ಟರೆ ಬೇಗ ತಣ್ಣಗಾಗುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹಳೆಯ ಮಾದರಿಯ, ಇನ್ವರ್ಟರ್ ಅಲ್ಲದ ಎಸಿಯ ಕಂಪ್ರೆಸರ್‌ಗೆ, ಅಂದರೆ ಗ್ಯಾಸನ್ನು ಒತ್ತಿ ಸುತ್ತಿಸುವ ಯಂತ್ರಕ್ಕೆ, ಇರುವುದು ಒಂದೇ ವೇಗ. 16 ಇಟ್ಟರೂ 24 ಇಟ್ಟರೂ ಅದು ಓಡುವುದು ಅಷ್ಟೇ. ಇನ್ವರ್ಟರ್‌ನಲ್ಲೂ ರೂಮು 36 ಡಿಗ್ರಿ ಇರುವಾಗ 24ಕ್ಕೆ ಇಟ್ಟರೇ ಕಂಪ್ರೆಸರ್ ಪೂರ್ತಿ ವೇಗಕ್ಕೆ ಹೋಗಿರುತ್ತದೆ. ಸ್ಟಾರ್ ಗುರುತಿನ ಮನೆ ಎಸಿಗಳೆಲ್ಲ ಆನ್ ಮಾಡಿದಾಗ 24ರಿಂದಲೇ ಶುರುವಾಗಬೇಕು ಅನ್ನುವ ನಿಯಮ 2020ರಿಂದ ಇದೆ. ಮನೆಬಳಕೆಗೆ 24 ಒಳ್ಳೆಯದೇ. ಪರೀಕ್ಷೆ ಮಾಡುವ ಹೊತ್ತಿಗೆ ಮಾತ್ರ 18ಕ್ಕೆ ಇಡಿ.

2. ಫಿಲ್ಟರ್ ಮತ್ತು ಅದರ ಹಿಂದಿರುವುದು

ಇಂಡೋರ್ ಯೂನಿಟ್‌ನ ಮುಂದಿನ ಮುಚ್ಚಳ ಎತ್ತಿ ಜಾಳಿಗೆಯಂಥ ಫಿಲ್ಟರನ್ನು ಹೊರಗೆ ತೆಗೆಯಿರಿ. ನಲ್ಲಿ ನೀರಲ್ಲಿ ಹಿಂಬದಿಯಿಂದ ತೊಳೆಯಿರಿ, ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಇದು ಆಗಲೇಬೇಕು. ಇಷ್ಟು ಎಲ್ಲರಿಗೂ ಗೊತ್ತು.

ಆದರೆ ಬಹಳ ಜನ ಅಲ್ಲಿಗೇ ನಿಲ್ಲಿಸುತ್ತಾರೆ. ಎಸಿ ಆಫ್ ಮಾಡಿ, ಎಂಸಿಬಿಯನ್ನೂ (ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ಗಾಳಿ ಹೊರಬರುವ ಬಾಯಿಯೊಳಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಉದ್ದನೆಯ ಸಿಲಿಂಡರ್ ಆಕಾರದ ಬ್ಲೋವರ್ ಕಾಣುತ್ತದೆ. ಅದರ ಒಂದೊಂದು ಎಸಳೂ ಸಣ್ಣಗೆ ಬಾಗಿರುತ್ತದೆ. ಆ ಬಾಗಿನೊಳಗೆ ಕಪ್ಪು ಧೂಳು ಮೆತ್ತಿಕೊಂಡು ತುಂಬಿದ್ದರೆ, ಬ್ಲೋವರ್ ಎಷ್ಟು ಜೋರಾಗಿ ತಿರುಗಿದರೂ ಗಾಳಿ ಹಿಡಿದು ತಳ್ಳಲು ಆಗುವುದಿಲ್ಲ. ಫ್ಯಾನ್ ಸದ್ದು ಮೊದಲಿನಂತೆಯೇ ಇದೆ, ಆದರೆ ಮಂಚದ ತನಕ ಗಾಳಿ ಮುಟ್ಟುವುದಿಲ್ಲ ಅಂದರೆ ಕಾರಣ ಬಹುತೇಕ ಇದೇ. ಇದಕ್ಕೆ ಫಿಲ್ಟರ್ ತೊಳೆದರೆ ಸಾಲದು, ಮೆಕ್ಯಾನಿಕ್ ಕರೆಸಿ ನೀರಿನ ಸರ್ವಿಸ್ ಮಾಡಿಸಬೇಕು. ಬಟ್ಟೆಯಲ್ಲಿ ಒರೆಸಿ, ಗಾಳಿ ಊದುವ ಮಷಿನ್‌ನಿಂದ ಊದಿ ಹೋಗುವ ಒಣ ಸರ್ವಿಸ್‌ಗೆ ಒಪ್ಪಬೇಡಿ.

ಇನ್ನೊಂದು ಸಣ್ಣ ವಿಷಯ. ಇಂಡೋರ್ ಯೂನಿಟ್ ಗಾಳಿ ಎಳೆದುಕೊಳ್ಳುವುದು ಮೇಲ್ಭಾಗದಿಂದ. ಪಿಒಪಿ ಸೀಲಿಂಗ್ ಮಾಡಿಸಿದ ಮನೆಗಳಲ್ಲಿ ಯೂನಿಟ್ ತಲೆಗೂ ಸೀಲಿಂಗ್‌ಗೂ ನಡುವೆ ಎರಡು ಬೆರಳಷ್ಟೂ ಜಾಗ ಇರುವುದಿಲ್ಲ. ಕನಿಷ್ಠ ಒಂದು ಗೇಣಿನ ಹತ್ತಿರ ಜಾಗ ಬೇಕು.

3. ಥರ್ಮಾಮೀಟರ್ ಹೇಳುವ ಸತ್ಯ

ಅಕ್ವೇರಿಯಂ ಅಂಗಡಿಯಲ್ಲಿ ವೈರ್ ಇರುವ ಸಣ್ಣ ಡಿಜಿಟಲ್ ಥರ್ಮಾಮೀಟರ್ ಸಿಗುತ್ತದೆ. ಜ್ವರ ನೋಡುವುದು ನಡೆಯುವುದಿಲ್ಲ. ಫಿಲ್ಟರ್ ತೊಳೆದು ಹಾಕಿ, ಕಿಟಕಿ-ಬಾಗಿಲು ಮುಚ್ಚಿ, 18 ಡಿಗ್ರಿ ಮತ್ತು ಹೈ ಫ್ಯಾನ್‌ನಲ್ಲಿ 15 ನಿಮಿಷ ಓಡಿಸಿ. ಆಮೇಲೆ ವೈರಿನ ತುದಿಯನ್ನು ಮೊದಲು ಯೂನಿಟ್‌ನ ತಲೆಯ ಮೇಲೆ, ಗಾಳಿ ಒಳಹೋಗುವ ಕಡೆ ಹಿಡಿದು ಅಂಕಿ ಬರೆದುಕೊಳ್ಳಿ. ನಂತರ ಗಾಳಿ ಹೊರಬರುವ ಬಾಯಿಗೆ ಹಿಡಿಯಿರಿ. ಎರಡು ಕಡೆಯೂ ಅಂಕಿ ನಿಲ್ಲುವವರೆಗೆ ಕಾಯಿರಿ. ಒಂದರಿಂದ ಇನ್ನೊಂದನ್ನು ಕಳೆಯಿರಿ.

ಸ್ಥೂಲವಾಗಿ ಹೀಗೆ ಓದಿಕೊಳ್ಳಿ. ವ್ಯತ್ಯಾಸ 10 ಡಿಗ್ರಿ ಅಥವಾ ಜಾಸ್ತಿ ಇದ್ದು, ಗಾಳಿಯೂ ಬಲವಾಗಿದ್ದರೆ ಎಸಿ ತನ್ನ ಕೆಲಸ ಮಾಡುತ್ತಿದೆ. ಸಮಸ್ಯೆ ರೂಮಿನದು, ನೇರ 7ನೇ ಭಾಗಕ್ಕೆ ಹೋಗಿ. 6ರಿಂದ 8 ಇದ್ದರೆ ಔಟ್‌ಡೋರ್ ಕಡೆ ಅನುಮಾನ ಪಡಿ. 5ಕ್ಕಿಂತ ಕಡಿಮೆ ಇದ್ದರೆ ಗ್ಯಾಸ್, ಕಂಪ್ರೆಸರ್, ಅದನ್ನು ಓಡಿಸಲು ನೆರವಾಗುವ ಕೆಪಾಸಿಟರ್ ಇವುಗಳ ಸರದಿ.

ಇಲ್ಲೊಂದು ಬಲೆ ಇದೆ. ಗಾಳಿ ಕಡಿಮೆ ಹರಿಯುತ್ತಿದ್ದರೆ ಆ ಸ್ವಲ್ಪ ಗಾಳಿ ಕಾಯಿಲ್ (ಗ್ಯಾಸ್ ಹರಿಯುವ ಪೈಪಿನ ಸುರುಳಿ) ಮೇಲೆ ಹೆಚ್ಚು ಹೊತ್ತು ನಿಂತು ಇನ್ನೂ ತಣ್ಣಗಾಗುತ್ತದೆ. ವ್ಯತ್ಯಾಸ 14, 15 ಅಂತ ತೋರಿಸಿ ಎಸಿ ಭರ್ಜರಿಯಾಗಿದೆ ಅನಿಸಿಬಿಡುತ್ತದೆ. ಆದ್ದರಿಂದ ಅಂಕಿ ಒಂದನ್ನೇ ನಂಬಬೇಡಿ. ಯೂನಿಟ್‌ನಿಂದ ಏಳೆಂಟು ಅಡಿ ದೂರ ನಿಂತು ಮುಖಕ್ಕೆ ಗಾಳಿ ತಾಗುತ್ತದಾ ಅಂತಲೂ ನೋಡಿ. ತಣ್ಣಗಿದೆ ಆದರೆ ಬಲ ಇಲ್ಲ ಅಂದರೆ ಮತ್ತೆ ಬ್ಲೋವರ್ ಕಡೆಗೇ.

ಕಾಲವನ್ನೂ ಗಮನದಲ್ಲಿಡಿ. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನದ ಗಾಳಿ ಒಣಗಿರುತ್ತದೆ, ವ್ಯತ್ಯಾಸ ಚೆನ್ನಾಗಿ ಬರುತ್ತದೆ. ಜುಲೈನಲ್ಲಿ ಅದೇ ಎಸಿ ಗಾಳಿಯ ತೇವ ತೆಗೆಯುವುದಕ್ಕೂ ದುಡಿಯಬೇಕು, ಎರಡು-ಮೂರು ಡಿಗ್ರಿ ಕಡಿಮೆ ತೋರಿಸಿದರೆ ಗಾಬರಿ ಬೇಡ. ಹಾಗೆಯೇ ಬೇಸಿಗೆಯಲ್ಲಿ ಡ್ರೈನ್ ಪೈಪಿನಿಂದ ನೀರು ಕಡಿಮೆ ತೊಟ್ಟಿಕ್ಕುತ್ತದೆ ಅಂದ ಮಾತ್ರಕ್ಕೆ ಎಸಿ ಕೆಟ್ಟಿದೆ ಅಂತಲ್ಲ. ಮಂಗಳೂರಿನ ನೆಂಟರು ಬಕೆಟ್ ತುಂಬುತ್ತೆ ಅಂದರೆ ಅದು ಅವರ ಊರಿನ ಗಾಳಿ.

4. ಔಟ್‌ಡೋರ್ ಯೂನಿಟ್

ನನ್ನ ಪ್ರಕಾರ ದಾವಣಗೆರೆಯ ಮುಖ್ಯ ಖಳನಾಯಕ ಇಲ್ಲಿದ್ದಾನೆ. ಒಳಗಿನ ಬಿಸಿಯೆಲ್ಲ ಹೊರಗೆ ಹೋಗಬೇಕಾದ್ದು ಈ ಪೆಟ್ಟಿಗೆಯಿಂದ. ಇದಕ್ಕೆ ಉಸಿರು ಕಟ್ಟಿದರೆ ಒಳಗೆ ಏನು ಮಾಡಿದರೂ ಅಷ್ಟೇ.

ಮುಂಭಾಗದ ಫ್ಯಾನ್ ನೋಡಿ ಕ್ಲೀನ್ ಇದೆ ಅಂದುಕೊಳ್ಳಬೇಡಿ. ಗಾಳಿ ಒಳಗೆ ಎಳೆಯುವುದು ಹಿಂಬದಿ ಮತ್ತು ಒಂದು ಪಕ್ಕದಿಂದ, ಗೋಡೆಗೆ ಮುಖ ಮಾಡಿರುವ ಕಡೆಯಿಂದ. ಅಲ್ಲಿಗೆ ಮೊಬೈಲ್ ತೂರಿಸಿ ಒಂದು ಫೋಟೋ ತೆಗೆಯಿರಿ. ಮಂಡಕ್ಕಿ ಭಟ್ಟಿಗಳ ಆಸುಪಾಸಿನ ಮನೆಗಳಲ್ಲಿ ಮಸಿ ಮತ್ತು ಹೊಟ್ಟಿನ ಚೂರು, ಎಪಿಎಂಸಿ ಕಡೆ ಮೆಕ್ಕೆಜೋಳದ ಧೂಳು, ಹೊಸ ಬಡಾವಣೆಗಳಲ್ಲಿ ಸಿಮೆಂಟು ಮತ್ತು ಕಪ್ಪುಮಣ್ಣಿನ ಪುಡಿ. ಇವೆಲ್ಲ ಸೇರಿ ಕಾಯಿಲ್ ಮೇಲೆ ಬೂದು ಬಣ್ಣದ ಪದರ ಕಟ್ಟುತ್ತವೆ. ಉಗುರಿನಿಂದ ಮೂಲೆಯಲ್ಲಿ ಕೆದಕಿದರೆ ಅದು ಹಾಳೆ ಹಾಳೆಯಾಗಿ ಏಳುತ್ತದೆ, ಅದರ ಹಿಂದೆ ಅಲ್ಯೂಮಿನಿಯಂ ಎಳೆಗಳು ಫಳಫಳ ಹೊಳೆಯುತ್ತವೆ. ಚಿತ್ರದುರ್ಗದ ಕಡೆಯವರಿಗೆ ಗಾಳಿಯದೇ ಕಾಟ. ಜೋಗಿಮಟ್ಟಿ ಬೆಟ್ಟದ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ನೆ ಅಲ್ವಲ್ಲ. ಅದೇ ಗಾಳಿ ಧೂಳನ್ನೂ ಹೊತ್ತು ತರುತ್ತದೆ.

ತೊಳೆಯುವ ಕ್ರಮ ಹೀಗೆ. ಎಂಸಿಬಿ ಇಳಿಸಿ, ಪ್ಲಗ್ ಇದ್ದರೆ ಕೀಳಿ. ಮೆತ್ತನೆಯ ಬ್ರಷ್‌ನಿಂದ ಮೇಲಿಂದ ಕೆಳಕ್ಕೆ, ಎಳೆಗಳ ದಿಕ್ಕಿನಲ್ಲೇ ಒಣಧೂಳು ತೆಗೆಯಿರಿ. ಅಡ್ಡ ಉಜ್ಜಿದರೆ ಎಳೆ ಬಾಗುತ್ತವೆ, ಬಾಗಿದ ಜಾಗದಲ್ಲಿ ಗಾಳಿ ದಾಟುವುದಿಲ್ಲ. ಆಮೇಲೆ ಗಿಡಕ್ಕೆ ನೀರು ಬಿಡುವ ಪೈಪಿನಿಂದ ಸಣ್ಣ ಒತ್ತಡದಲ್ಲಿ, ಮೇಲಿಂದ ಕೆಳಕ್ಕೆ, ಕೆಳಗೆ ಬೀಳುವ ನೀರು ತಿಳಿಯಾಗುವ ತನಕ ಬಿಡಿ. ಬೈಕ್ ತೊಳೆಯುವ ಪ್ರೆಷರ್ ವಾಷರ್ ಹತ್ತಿರಕ್ಕೂ ತರಬೇಡಿ. ವೈರುಗಳು ಸೇರುವ ಪಕ್ಕಕ್ಕೆ ನೀರು ಹೊಡೆಯಬೇಡಿ. ಅರ್ಧ ಗಂಟೆ ಆರಲು ಬಿಟ್ಟು ಆನ್ ಮಾಡಿ. ಯೂನಿಟ್ ಕಿಟಕಿ ಸಜ್ಜೆಯ ಮೇಲೆ ಅಥವಾ ಎರಡನೇ ಮಹಡಿಯ ಹೊರಗೋಡೆಯಲ್ಲಿದ್ದರೆ ಈ ಸಾಹಸ ಬೇಡವೇ ಬೇಡ. ಹಗ್ಗ, ಏಣಿ ಇರುವವರನ್ನೇ ಕರೆಸಿ.

ಇನ್ನು ಜಾಗದ ಸಮಸ್ಯೆ. ಎಸಿಯ ಮೇಲೆ ಬರೆದಿರುವ ಸಾಮರ್ಥ್ಯ ಹೊರಗಿನ ಗಾಳಿ 35 ಡಿಗ್ರಿ ಇದ್ದಾಗ ಅಳೆದದ್ದು. ಪಡುವಣ ಗೋಡೆಯ ಬಿಸಿಲಲ್ಲಿ, ಕಿರಿದಾದ ಡಕ್ಟ್‌ನಲ್ಲಿ, ಅಥವಾ ನೋಡಲು ಚೆನ್ನಾಗಿಲ್ಲ ಅಂತ ಸುತ್ತ ಹಲಗೆ ಹೊಡೆಸಿದ ಪೆಟ್ಟಿಗೆಯೊಳಗೆ ಅದು ತಾನೇ ಬಿಟ್ಟ ಬಿಸಿಗಾಳಿಯನ್ನು ತಾನೇ ಮತ್ತೆ ಎಳೆದುಕೊಳ್ಳುತ್ತದೆ. ಅದೇ ಥರ್ಮಾಮೀಟರ್‌ನಿಂದ ಯೂನಿಟ್ ಹಿಂಬದಿಯ ಗಾಳಿ ಅಳೆಯಿರಿ. ಹತ್ತಿರದಲ್ಲೇ ಬಯಲಿನ ನೆರಳಲ್ಲಿ ಇನ್ನೊಮ್ಮೆ ಅಳೆಯಿರಿ. ಮೊದಲನೆಯದು ನಾಲ್ಕೈದು ಡಿಗ್ರಿ ಜಾಸ್ತಿ ಇದ್ದರೆ ಇದೇ ಕಾಯಿಲೆ. ಹಲಗೆ ತೆಗೆಸಿ, ಅಥವಾ ಯೂನಿಟ್ ತಾರಸಿಗೆ ಬದಲಾಯಿಸಿ. ನೆರಳಿಗೆ ಶೀಟ್ ಹಾಕುವುದಾದರೆ ಎತ್ತರದಲ್ಲಿ ಹಾಕಿ, ಮುಂದೆ ಅಡ್ಡ ಬರಬಾರದು. ಗೋಣಿಚೀಲ ಹೊದಿಸುವುದು ನೆರಳಲ್ಲ, ಉಸಿರುಗಟ್ಟಿಸುವುದು.

5. ಪೈಪು ಮುಟ್ಟಿ ನೋಡಿ, ಐಸ್ ಹುಡುಕಿ

ಔಟ್‌ಡೋರ್ ಯೂನಿಟ್‌ನ ಪಕ್ಕದಲ್ಲಿ ಎರಡು ತಾಮ್ರದ ಪೈಪು ಸೇರುತ್ತವೆ. ಒಂದು ದಪ್ಪ, ಒಂದು ಸಣ್ಣ. ಎಸಿ 15 ನಿಮಿಷ ಓಡಿದ ಮೇಲೆ ದಪ್ಪ ಪೈಪು ಕೈಗೆ ಚೆನ್ನಾಗಿ ತಣ್ಣಗೆ ಹತ್ತಬೇಕು. ದಪ್ಪದ್ದು ಬೆಚ್ಚಗಿದ್ದು, ಸಣ್ಣ ಪೈಪಿನ ಜೋಡಣೆ ಹತ್ತಿರ ಬಿಳಿ ಐಸ್ ಕಟ್ಟಿದ್ದರೆ ಗ್ಯಾಸ್ ಕಡಿಮೆ ಇರುವ ಗುರುತು. ಆಗ ಮೆಕ್ಯಾನಿಕ್ ಹೇಳಿದ್ದು ನಿಜ.

ಒಳಗಿನ ಕಾಯಿಲ್ ಪೂರ್ತಿ ಐಸ್ ಆಗಿ ಗಾಳಿಯೇ ನಿಂತಿದ್ದರೆ ಕಾರಣ ಎರಡರಲ್ಲಿ ಒಂದು: ಗಾಳಿ ಹರಿಯುತ್ತಿಲ್ಲ ಅಥವಾ ಗ್ಯಾಸ್ ಕಡಿಮೆ. ಐಸನ್ನು ಚಾಕು, ಸ್ಕ್ರೂಡ್ರೈವರ್‌ನಿಂದ ಕೆತ್ತಬೇಡಿ. ಎರಡು-ಮೂರು ಗಂಟೆ ಬರೀ ಫ್ಯಾನ್ ಮೋಡ್‌ನಲ್ಲಿ ಬಿಡಿ, ತಾನೇ ಕರಗುತ್ತದೆ. ಫಿಲ್ಟರ್, ಬ್ಲೋವರ್ ಸ್ವಚ್ಛ ಇದ್ದೂ ಮತ್ತೆ ಐಸ್ ಬಂದರೆ ಗ್ಯಾಸ್ ಕಡೆಗೆ ಹೊರಳಿ.

6. ವೋಲ್ಟೇಜ್

ಮಧ್ಯಾಹ್ನ ಚೆನ್ನಾಗಿ ತಣ್ಣಗಾಗುವ ಎಸಿ ರಾತ್ರಿ ಎಂಟರಿಂದ ಹನ್ನೊಂದರ ನಡುವೆ ಸೋಮಾರಿಯಾಗುತ್ತದೆಯೇ? ಸ್ಟೆಬಿಲೈಜರ್ ಮೇಲಿನ ಇನ್‌ಪುಟ್ ಅಂಕಿ ನೋಡಿ. 230ರ ಆಸುಪಾಸು ಇರಬೇಕಾದ್ದು 190ಕ್ಕೆ ಇಳಿದಿದ್ದರೆ ಇನ್ವರ್ಟರ್ ಎಸಿ ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸಬಹುದು. ಹಳೆಯದಾದರೆ ಕಂಪ್ರೆಸರ್ ಗುಂಯ್‌ಗುಟ್ಟಿ, 'ಟಕ್' ಅಂತ ಬಿಟ್ಟು, ಕೆಲವು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸುತ್ತದೆ. ಅಕ್ಕಪಕ್ಕದ ಮನೆಯಲ್ಲೂ ಹಾಗೇ ಇದ್ದರೆ ಬೆಸ್ಕಾಂನ 1912ಕ್ಕೆ ದೂರು ಕೊಡಿ. ವೋಲ್ಟೇಜ್ ಸರಿ ಇದ್ದೂ ಅದೇ ಗುಂಯ್-ಟಕ್ ಕೇಳಿಸಿದರೆ ಕೆಪಾಸಿಟರ್ ಸೊರಗಿರಬಹುದು. ಅಗ್ಗದ ಭಾಗ, ಆದರೆ ಕರೆಂಟ್ ತೆಗೆದ ಮೇಲೂ ಶಾಕ್ ಹೊಡೆಯುತ್ತದೆ. ಅದನ್ನು ಮುಟ್ಟುವುದು ಮೆಕ್ಯಾನಿಕ್ ಕೆಲಸ. ಪ್ಲಗ್ ಪಾಯಿಂಟು ಕಂದು ಬಣ್ಣಕ್ಕೆ ತಿರುಗಿದ್ದರೆ ಎಸಿ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಬರುವ ತನಕ ಹಾಕಬೇಡಿ.

7. ರೂಮಿನ ಬಿಸಿ

ಥರ್ಮಾಮೀಟರ್ ಎಸಿಗೆ ಪಾಸ್ ಮಾರ್ಕ್ಸ್ ಕೊಟ್ಟಿದ್ದರೆ ಈಗ ತಲೆ ಎತ್ತಿ ಸೀಲಿಂಗ್ ನೋಡಿ. ಮೇಲೆ ಇನ್ನೊಂದು ಮಹಡಿ ಇಲ್ಲದ ಮನೆಗಳಲ್ಲಿ ಆರ್‌ಸಿಸಿ ತಾರಸಿ ಹಗಲೆಲ್ಲ ಕಾದು, ಆ ಬಿಸಿಯನ್ನು ಕೆಳಕ್ಕೆ ಬಿಡುವುದು ಸಂಜೆಯಿಂದ ನಡುರಾತ್ರಿ ತನಕ. ನೀವು ಮಲಗಲು ಎಸಿ ಹಾಕುವ ಹೊತ್ತಿಗೇ ಅದರ ಆರ್ಭಟ. ರಾತ್ರಿ ಒಂಬತ್ತಕ್ಕೆ ಸ್ಟೂಲ್ ಹತ್ತಿ ಸೀಲಿಂಗ್‌ಗೆ ಅಂಗೈ ಇಟ್ಟು ನೋಡಿ. ಗೋಡೆಗಿಂತ ಎದ್ದು ಕಾಣುವಷ್ಟು ಬಿಸಿ ಇದ್ದರೆ ನಿಮ್ಮ ಎಸಿ ಹೋರಾಡುತ್ತಿರುವುದು ಅದರೊಂದಿಗೇ. ಇಂಥ ರೂಮಿಗೆ ಮೆಕ್ಯಾನಿಕ್‌ಗಿಂತ ಸುಣ್ಣ ಹೊಡೆಯುವವರು ಮೊದಲು ಬೇಕು.

ತಾರಸಿಗೆ ಬಿಳಿ ಸುಣ್ಣ ಅಥವಾ ಕೂಲ್ ರೂಫ್ ಬಣ್ಣ ಹೊಡೆಸುವುದು ಈ ಎಲ್ಲ ಉಪಾಯಗಳಲ್ಲಿ ಕೊಟ್ಟ ದುಡ್ಡಿಗೆ ಜಾಸ್ತಿ ಫಲ ಕೊಡುತ್ತದೆ. ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಕಲಸಿದರೆ ಅಂಟಿಕೊಳ್ಳುತ್ತದೆ, ಆದರೂ ಮಳೆಗಾಲ ಕಳೆದ ಮೇಲೆ ಮತ್ತೆ ಹೊಡೆಯಬೇಕು. ಹಸಿರು ನೆಟ್ ಕಟ್ಟಿದರೂ ಆಗುತ್ತದೆ. ತಾರಸಿಗೂ ನೆಟ್‌ಗೂ ನಡುವೆ ಗಾಳಿ ಆಡಬೇಕು. ಚನ್ನಗಿರಿ ಕಡೆ ನೆಂಟರಿದ್ದರೆ ಅಡಿಕೆ ಸೋಗೆ ಸಿಗುತ್ತದೆ, ನೆರಳು ಅದ್ಭುತ, ಆದರೆ ಒಣಗಿದ ಸೋಗೆಗೆ ಕಿಡಿ ತಾಗದಂತೆ ನೋಡಿಕೊಳ್ಳಬೇಕು. ತಾರಸಿ ಮೇಲೆ ನೀರು ನಿಲ್ಲಿಸುವುದನ್ನು ನಾನು ಹೇಳುವುದಿಲ್ಲ. ತಂಪಾಗುವುದು ನಿಜ, ಹಳೆಯ ಸ್ಲ್ಯಾಬ್ ಸೋರುವುದೂ ನಿಜ.

ಎಸಿ ಹಾಕುವ ಹದಿನೈದು ನಿಮಿಷ ಮುಂಚೆ ಕಿಟಕಿ ತೆಗೆದು, ಫ್ಯಾನ್ ಜೋರು ಮಾಡಿ, ಒಳಗೆ ಕುದಿಯುತ್ತಿರುವ ಗಾಳಿ ಹೊರಹಾಕಿ. ಹೊರಗೆ ಒಳಗಿಗಿಂತ ತಂಪಿದ್ದರೆ ಮಾತ್ರ. ಪಡುವಣ ಕಿಟಕಿಗೆ ದಪ್ಪ ಪರದೆ ಇರಲಿ, ಮಧ್ಯಾಹ್ನದಿಂದಲೇ ಎಳೆದಿಡಿ. ಬಾಗಿಲ ಕೆಳಗಿನ ಸಂದಿಗೆ ಹಳೆ ಟವೆಲ್ ಸುತ್ತಿಟ್ಟರೂ ಸಾಕು. ಅಟ್ಯಾಚ್ಡ್ ಬಾತ್‌ರೂಮಿನ ಎಕ್ಸಾಸ್ಟ್ ಓಡುತ್ತಿದ್ದರೆ ನೀವು ದುಡ್ಡು ಕೊಟ್ಟು ಮಾಡಿದ ತಂಪನ್ನು ಅದು ಬೀದಿಗೆ ಚೆಲ್ಲುತ್ತಿರುತ್ತದೆ. ಸೀಲಿಂಗ್ ಫ್ಯಾನ್ ಒಂದು-ಎರಡರಲ್ಲಿ ಇದ್ದರೆ ತಂಪು ಹರಡುತ್ತದೆ, ಐದರಲ್ಲಿ ಇಟ್ಟರೆ ಕಾದ ತಾರಸಿಯ ಬಿಸಿಯನ್ನೇ ಕೆಳಗೆ ತಳ್ಳುತ್ತದೆ. ಎಸಿ ಬಾಯಿಯಲ್ಲಿ ಗಾಳಿಯ ದಿಕ್ಕು ತಿರುಗಿಸುವ ರೆಕ್ಕೆಯನ್ನು ನೇರ ಮುಂದಕ್ಕೆ ಇಡಿ. ತಣ್ಣನೆ ಗಾಳಿ ತಾನೇ ಇಳಿಯುತ್ತದೆ.

ಗಾತ್ರದ ಲೆಕ್ಕ ತಪ್ಪಿದ್ದರೆ ಇಷ್ಟೆಲ್ಲ ಮಾಡಿದರೂ ಅರ್ಧ ಪರಿಹಾರವೇ. 120 ಚದರ ಅಡಿ ತನಕ 1 ಟನ್, 180ರ ತನಕ 1.5 ಟನ್ ಅನ್ನುವುದು ಮೇಲೆ ಮಹಡಿ ಇರುವ ರೂಮಿನ ಮಾತು. ಬಿಸಿಲು ತಾರಸಿ, ಪಡುವಣ ಗೋಡೆ ಎರಡೂ ಇದ್ದರೆ 120 ಚದರ ಅಡಿಗೇ 1.5 ಟನ್ ಬೇಕಾಗುತ್ತದೆ. ಹಾಲ್‌ಗೂ ಅಡುಗೆಮನೆಗೂ ನಡುವೆ ಬಾಗಿಲಿಲ್ಲದ ಮನೆಗಳಲ್ಲಿ ಎರಡನ್ನೂ ಸೇರಿಸಿ ಲೆಕ್ಕ ಹಾಕಬೇಕು.

8. ಮೆಕ್ಯಾನಿಕ್ ಬಂದಾಗ

ಬರೆದಿಟ್ಟ ಅಂಕಿಗಳನ್ನು ತೋರಿಸಿ. "ಅಣ್ಣ, ಫಿಲ್ಟರ್ ತೊಳೆದಿದ್ದೀನಿ, ಔಟ್‌ಡೋರ್ ತೊಳೆದಿದ್ದೀನಿ, ಆದ್ರೂ ವ್ಯತ್ಯಾಸ ನಾಲ್ಕೇ ಡಿಗ್ರಿ" ಅಂದರೆ ಮಾತಿನ ಧಾಟಿಯೇ ಬದಲಾಗುತ್ತದೆ. ಕಾಯಿಲ್ ಮತ್ತು ರೂಮಿನ ಸೆನ್ಸರ್ ಜಾಗದಲ್ಲೇ ಇವೆಯಾ ನೋಡಲು ಹೇಳಿ. ಸರ್ವಿಸ್ ಮಾಡುವಾಗ ರೂಮಿನ ಸೆನ್ಸರ್ ಜಾರಿ ಕಾಯಿಲ್‌ಗೆ ತಾಗಿಕೊಂಡರೆ ರೂಮು ಆಗಲೇ ತಣ್ಣಗಿದೆ ಅಂತ ಎಸಿ ಮೋಸಹೋಗುತ್ತದೆ.

ಗ್ಯಾಸ್ ನಿಜವಾಗಿ ಕಡಿಮೆ ಇದ್ದರೆ ಮೊದಲು ಸೋರಿಕೆ ಹುಡುಕಲಿ. ಪೈಪಿನ ನಟ್‌ಗಳ ಸುತ್ತ ಎಣ್ಣೆ ಜಿಡ್ಡು ಇದೆಯಾ ನೋಡಬೇಕು, ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದಾ ಪರೀಕ್ಷಿಸಬೇಕು. ಗೊತ್ತಾಗದಿದ್ದರೆ ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದಾ ನೋಡಬೇಕು. ಸೋರಿಕೆ ಮುಚ್ಚಿದ ಮೇಲೆ ವ್ಯಾಕ್ಯೂಮ್ ಪಂಪ್ ಹಾಕಿ ಪೈಪಿನೊಳಗಿನ ಗಾಳಿ, ತೇವ ಎರಡನ್ನೂ ತೆಗೆಯಬೇಕು. ಇದಕ್ಕೆ ಕನಿಷ್ಠ ಇಪ್ಪತ್ತು-ಮೂವತ್ತು ನಿಮಿಷ ಹಿಡಿಯುತ್ತದೆ. ಪಂಪೇ ತರದೆ, ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ತಳ್ಳಿಬಿಡ್ತೀನಿ ಅಂದರೆ ಬೇಡ ಅನ್ನಿ.

ಯಾವ ಗ್ಯಾಸ್, ಎಷ್ಟು ಗ್ರಾಂ ಅನ್ನುವುದು ಔಟ್‌ಡೋರ್ ಯೂನಿಟ್‌ನ ಸ್ಟಿಕ್ಕರ್ ಮೇಲೇ ಇರುತ್ತದೆ. ಆರ್-22, ಆರ್-410ಎ, ಆರ್-32, ಆರ್-290, ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಪೂರ್ತಿ ಖಾಲಿ ಮಾಡಿ ತುಂಬುವಾಗ ಸಿಲಿಂಡರನ್ನು ತಕ್ಕಡಿ ಮೇಲೆ ಇಟ್ಟು ತೂಕ ನೋಡಿಯೇ ತುಂಬಬೇಕು. ಜಾಸ್ತಿ ತುಂಬಿದರೂ ತಂಪು ಕಡಿಮೆಯಾಗುತ್ತದೆ. ಆರ್-410ಎ ಎರಡು ಗ್ಯಾಸುಗಳ ಮಿಶ್ರಣ, ಸೋರಿದ ಮೇಲೆ ಹಳೆಯದನ್ನು ತೆಗೆದು ಹೊಸದಾಗಿ ತುಂಬುವುದು ಸರಿಯಾದ ಕ್ರಮ. ಆರ್-32ಕ್ಕೆ ಬೆಂಕಿ ಹತ್ತುವ ಗುಣ ಸ್ವಲ್ಪ ಇದೆ, ಆರ್-290 ಅಂತೂ ಪ್ರೊಪೇನ್. ಒಳಗೆ ಗ್ಯಾಸ್ ಇರುವಾಗ ಬೆಸುಗೆ ಹಾಕಲು ಬಿಡಬೇಡಿ, ಕೆಲಸದ ಹೊತ್ತಿಗೆ ಕಿಟಕಿ-ಬಾಗಿಲು ತೆಗೆದಿಡಿ.

ಕೆಲಸ ಮುಗಿದ ಮೇಲೆ ದುಡ್ಡು ಕೊಡುವ ಮುಂಚೆ ಹದಿನೈದು ನಿಮಿಷ ಓಡಿಸಿ, ಮೇಲೆ ಕೆಳಗೆ ಮತ್ತೆ ಅಳೆಯಿರಿ. ಹೊಸ ಅಂಕಿಯನ್ನು ಬಿಲ್ಲಿನ ಹಿಂದೆ ತಾರೀಖಿನೊಂದಿಗೆ ಬರೆದಿಡಿ. ಎರಡು-ಮೂರು ತಿಂಗಳಲ್ಲೇ ಅದು ಇಳಿಯಿತು ಅಂದರೆ ಸೋರಿಕೆ ಸರಿಯಾಗಿ ಮುಚ್ಚಿಲ್ಲ, ಅದೇ ಬಿಲ್ ಹಿಡಿದು ಅವರನ್ನೇ ಮತ್ತೆ ಕರೆಸಿ. ಮುಂದಿನ ವರ್ಷದ ಸರ್ವಿಸನ್ನು ಫೆಬ್ರವರಿಯಲ್ಲೇ ಮಾಡಿಸಿ. ಯುಗಾದಿ ದಾಟಿದರೆ ಮೆಕ್ಯಾನಿಕ್ ಸಿಗುವುದೇ ಕಷ್ಟ, ಸಿಕ್ಕರೂ ಬ್ಲೋವರ್ ಬಿಚ್ಚಿ ತೊಳೆಯುವಷ್ಟು ವ್ಯವಧಾನ ಅವರಿಗಿರುವುದಿಲ್ಲ.